ಒಂದೇ ರಸ್ತೆ, ಎರಡು ಫ್ಲೆಕ್ಸು

ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ ನಾನು ಚಾ ಕುಡಿಯುವ ಹೋಟೆಲಿಗೆ ಇಬ್ಬರು ಹಿರಿಯರು ದಿನಾ ಬರುತ್ತಾರೆ. ಒಬ್ಬರು ನನಗೆ ದೂರದ ಸಂಬಂಧದಲ್ಲಿ ಮಾವ. ಇನ್ನೊಬ್ಬರು ರಿಟೈರ್ ಆದ ಮಾಷ್ಟ್ರು. ಕೂರುವುದು ಒಂದೇ ಬೆಂಚಿನಲ್ಲಿ, ಓದುವುದು ಒಂದೇ ಪೇಪರಿನ ಹಾಳೆ ಹಂಚಿಕೊಂಡು. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ಹೆದ್ದಾರಿ ಎದ್ದು ನಿಂತಾಗ ಮಾವ ಹೇಳಿದ್ದು, ಇದು ಕೇಂದ್ರದ್ದು. ಮಾಷ್ಟ್ರು ಹೇಳಿದ್ದು, ಇದು ರಾಜ್ಯದ್ದು, ಇಲ್ಲಿಯ ಸರ್ಕಾರ ಜಾಗ ಬಿಡಿಸಿ ಕೊಡದಿದ್ದರೆ ಒಂದು ಮೊಳ ಡಾಂಬರೂ ಬೀಳುತ್ತಿರಲಿಲ್ಲ. ರಸ್ತೆ ಬದಿಯಲ್ಲೂ ಹಾಗೇ, ಎರಡೂ ಕಡೆಯವರ ಫ್ಲೆಕ್ಸು.

ಇಬ್ಬರ ಮಾತಿನಲ್ಲೂ ಸತ್ಯ ಇತ್ತು. ರಾಷ್ಟ್ರೀಯ ಹೆದ್ದಾರಿ 66 ಕೇಂದ್ರದ ಕೆಲಸವೇ. ಆದರೆ ಕೇರಳದಲ್ಲಿ ಜಾಗಕ್ಕೆ ವಿಪರೀತ ಬೆಲೆ ಅಂತ, ಭೂಸ್ವಾಧೀನದ ಖರ್ಚಿನಲ್ಲಿ ಶೇಕಡಾ 25ರಷ್ಟನ್ನು ರಾಜ್ಯವೇ ಹೊರಲು ಒಪ್ಪಿದ್ದೂ ಹೌದು. ಮಜಾ ಇರುವುದು ಆಮೇಲಿನದ್ದರಲ್ಲಿ. 2025ರ ಮೇ ತಿಂಗಳಲ್ಲಿ ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಇದೇ ಹೆದ್ದಾರಿಯ ಒಂದು ಭಾಗ ಕುಸಿದು ಬಿತ್ತು. ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ರಸ್ತೆಯ ವಾರಸುದಾರರು ಅದಲುಬದಲು. "ನಿಮ್ಮ ಕೇಂದ್ರದ ರಸ್ತೆ ನೋಡಿ" ಅಂತ ಮಾಷ್ಟ್ರು. "ಇಲ್ಲಿಯವರು ನಿಂತು ನೋಡಿಕೊಳ್ಳಬೇಕಿತ್ತಲ್ಲ" ಅಂತ ಮಾವ. ಹೋಟೆಲಿನ ಧಣಿ, ನಾವೆಲ್ಲ ಇಚ್ಚ ಅಂತ ಕರೆಯುವವರು, ಚಾ ಎತ್ತಿ ಹೊಯ್ಯುತ್ತಾ ಹೇಳಿದರು: "ನಿನ್ನೆವರೆಗೆ ಇಬ್ಬರು ಅಪ್ಪಂದಿರಿದ್ದ ರಸ್ತೆ, ಇವತ್ತು ಅನಾಥ."

ರಾಜಕೀಯ ಧ್ರುವೀಕರಣ ಅನ್ನುವ ದಪ್ಪ ಪದವನ್ನು ವಿವರಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಈ ಪದವನ್ನು ಟಿವಿಯವರು ದಿನಾ ಬಳಸುತ್ತಾರೆ, ಆದರೆ ಅದರೊಳಗೆ ಎರಡು ಬೇರೆ ಬೇರೆ ಸಂಗತಿಗಳಿವೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಮೊದಲನೆಯದು ಅಭಿಪ್ರಾಯದ ದೂರ. ಭೂಸುಧಾರಣೆ ಬೇಕಾ ಬೇಡವಾ, ಖಾಸಗಿಯವರಿಗೆ ಆಸ್ಪತ್ರೆ ಕೊಡಬಹುದಾ ಬಾರದಾ, ಇಂಥದ್ದರಲ್ಲಿ ಒಬ್ಬರು ಆ ತುದಿ, ಒಬ್ಬರು ಈ ತುದಿ. ಇದರಲ್ಲಿ ಕೆಟ್ಟದ್ದು ಏನೂ ಇಲ್ಲ. ಎಲ್ಲರೂ ಒಂದೇ ಹೇಳಿದರೆ ಚುನಾವಣೆ ಯಾಕೆ ಬೇಕು? ಎರಡನೆಯದು ಮನಸ್ಸಿನ ದೂರ. ಅಂದರೆ ಆಚೆ ಪಕ್ಷದವನ ಮಾತು ತಪ್ಪು ಅನ್ನುವುದಲ್ಲ, ಆಚೆ ಪಕ್ಷದವನೇ ತಪ್ಪು ಅನ್ನುವುದು. ಅವನ ಮಗ ಪಾಸಾದರೂ ಕಾಪಿ ಹೊಡೆದೇ ಪಾಸಾದದ್ದು ಅನ್ನಿಸುವುದು.

ಈ ಎರಡನೆಯದನ್ನು ಅಳೆಯಲು ಅಮೆರಿಕದಲ್ಲಿ ಒಂದು ಚಂದದ ಪ್ರಶ್ನೆ ಕೇಳಿದ್ದರು: ನಿಮ್ಮ ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ನಿಮಗೆ ಬೇಸರವಾಗುತ್ತದಾ? 1960ರಲ್ಲಿ ಹೌದು ಅಂದವರು ನೂರಕ್ಕೆ ನಾಲ್ಕೈದು ಜನ. 2010ಕ್ಕೆ ಬಂದಾಗ ರಿಪಬ್ಲಿಕನ್ ಪಕ್ಷದವರಲ್ಲಿ ಸುಮಾರು ಅರ್ಧದಷ್ಟು, ಡೆಮಾಕ್ರಾಟರಲ್ಲಿ ಮೂರನೇ ಒಂದರಷ್ಟು. ಶಾಂತೋ ಅಯ್ಯಂಗಾರ್ ಮತ್ತು ಅವರ ಜೊತೆಗಾರರು 2012ರಲ್ಲಿ ಇದನ್ನು ಎತ್ತಿ ತೋರಿಸಿ, ಜನ ಒಬ್ಬರಿಂದ ಒಬ್ಬರು ದೂರವಾಗುತ್ತಿರುವುದು ಸಿದ್ಧಾಂತಕ್ಕಿಂತ ಜಾಸ್ತಿ ಭಾವನೆಯಲ್ಲಿ ಅಂದರು. ನಮ್ಮಲ್ಲಿ ಮದುವೆಗೆ ಅಡ್ಡ ಬರಲು ಜಾತಿ, ಗೋತ್ರ, ಜಾತಕ ಎಲ್ಲ ಮೊದಲೇ ಸಾಲಾಗಿ ನಿಂತಿರುವುದರಿಂದ ಪಕ್ಷಕ್ಕೆ ಜಾಗ ಸಿಕ್ಕಿಲ್ಲ, ಅಷ್ಟೇ.

ಹೀಗಾಗಲು ದೊಡ್ಡ ಕಾರಣವೇ ಬೇಕು ಅಂತೇನಿಲ್ಲ. 1970ರ ಸುಮಾರಿಗೆ ಹೆನ್ರಿ ತಾಜ್ಫೆಲ್ ಅನ್ನುವ ಮನಶ್ಶಾಸ್ತ್ರಜ್ಞ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14-15 ವರ್ಷದ ಹುಡುಗರನ್ನು ಎರಡು ಗುಂಪು ಮಾಡಿದ. ನಿಮಗೆ ಈ ಚಿತ್ರಕಾರ ಇಷ್ಟ, ನಿಮಗೆ ಆ ಚಿತ್ರಕಾರ ಇಷ್ಟ ಅಂತ ಸುಮ್ನೆ ಒಂದು ನೆಪ. ನಿಜಕ್ಕೂ ಚೀಟಿ ಎತ್ತಿದ ಹಾಗೆ ಹಂಚಿದ್ದು. ಆಮೇಲೆ ದುಡ್ಡು ಹಂಚಲು ಹೇಳಿದ. ಹುಡುಗರು ತಮ್ಮ ಗುಂಪಿಗೆ ಜಾಸ್ತಿ ಕೊಟ್ಟದ್ದರಲ್ಲಿ ಆಶ್ಚರ್ಯ ಇಲ್ಲ. ಆಶ್ಚರ್ಯ ಏನೆಂದರೆ, ತಮ್ಮವರಿಗೆ ಸಿಗುವುದು ಸ್ವಲ್ಪ ಕಡಿಮೆಯಾದರೂ ಅಡ್ಡಿಯಿಲ್ಲ, ಆಚೆಯವರಿಗೆ ಅದಕ್ಕಿಂತ ಇನ್ನೂ ಕಡಿಮೆ ಸಿಗಬೇಕು ಅನ್ನುವ ಕಡೆ ಅವರು ವಾಲಿದರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಇಬ್ಬರಿಗೂ ಅಡಿಕೆಗೆ ಕಿಲೋಗೆ 450 ಬೇಡ, ನನಗೆ 400 ಸಾಕು, ಪಕ್ಕದ ತೋಟದವನಿಗೆ 350 ಇರಲಿ. ಇಂಥವರನ್ನು ನೀವು ಕಂಡಿಲ್ಲ ಅಂದರೆ ನಾನು ನಂಬುವುದಿಲ್ಲ.

ಹಾಗಾದರೆ ಗುಂಪು ಇರುವಲ್ಲೆಲ್ಲ ಊರು ಒಡೆಯಬೇಕಲ್ಲ? ಒಡೆಯುವುದಿಲ್ಲ. ಅದು ಯಾಕೆ ಅಂತ ತಿಳಿಯಲು ನಮ್ಮ ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಚರಿತ್ರೆ ನೋಡಿದರೆ ಸಾಕು, ಅಮೆರಿಕಕ್ಕೆ ಹೋಗಬೇಕಾಗಿಲ್ಲ.

1956ರ ನವೆಂಬರ್ 1ರವರೆಗೆ ನಾವು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಆ ದಿನ ರಾಜ್ಯ ಪುನರ್ವಿಂಗಡಣೆಯಾಗಿ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಮರುವರ್ಷ ಕೇರಳದ ಮೊದಲ ಚುನಾವಣೆ. ಮಂಜೇಶ್ವರದಲ್ಲಿ ಗೆದ್ದದ್ದು ಕರ್ನಾಟಕಕ್ಕೆ ಸೇರಬೇಕು ಅನ್ನುವ ಕಡೆಯ ಎಂ. ಉಮೇಶ ರಾಯರು, ಅದೂ ಅವಿರೋಧವಾಗಿ. ಎದುರು ನಿಲ್ಲುವವರೇ ಇರಲಿಲ್ಲ. ಆಮೇಲೆ ಅದೇ ಕಡೆಯಿಂದ ಕಳ್ಳಿಗೆ ಮಹಾಬಲ ಭಂಡಾರಿಯವರು ಮತ್ತೆ ಮತ್ತೆ ಗೆದ್ದರು. ಆಗ ಊರನ್ನು ಎರಡು ಮಾಡುತ್ತಿದ್ದ ಗೆರೆ ಭಾಷೆಯದ್ದು.

1970ಕ್ಕೆ ಗೆರೆ ಜಾಗ ಬದಲಿಸಿತು. ಸಿಪಿಐಯ ಎಂ. ರಾಮಪ್ಪ ಗೆದ್ದರು, ಅವರ ನಂತರ ಅದೇ ಪಕ್ಷದ ಡಾಕ್ಟರ್ ಎ. ಸುಬ್ಬರಾವ್. ಗೇಣಿ, ಕೂಲಿ, ಭೂಮಿ ಇವುಗಳ ಕಾಲ ಅದು. ಕನ್ನಡದವನೂ ಮಲಯಾಳದವನೂ, ಹಿಂದುವೂ ಮುಸ್ಲಿಮನೂ ಒಕ್ಕಲಾದರೆ ಒಂದು ಕಡೆ, ಧಣಿಯಾದರೆ ಇನ್ನೊಂದು ಕಡೆ. 1987ಕ್ಕೆ ಗೆರೆ ಮತ್ತೆ ಸರಿಯಿತು. ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ ಸಾಲಾಗಿ ನಾಲ್ಕು ಸಲ ಗೆದ್ದರು, ಎದುರಾಳಿ ಹೆಚ್ಚಾಗಿ ಬಿಜೆಪಿ. ನಡುವೆ 2006ರಲ್ಲಿ ಸಿಪಿಎಂನ ಸಿ.ಎಚ್. ಕುಂಞಂಬು ಒಮ್ಮೆ ನುಗ್ಗಿದ್ದು ಬಿಟ್ಟರೆ ಕಥೆ ಅದೇ. 2016ರಲ್ಲಿ ಲೀಗಿನ ಪಿ.ಬಿ. ಅಬ್ದುಲ್ ರಜಾಕ್ ಅವರಿಗೂ ಬಿಜೆಪಿಯ ಕೆ. ಸುರೇಂದ್ರನ್ ಅವರಿಗೂ ನಡುವಿನ ಅಂತರ ಬರೀ 89 ವೋಟು. 2021ರಲ್ಲಿ ಎ.ಕೆ.ಎಂ. ಅಶ್ರಫ್ ಅದೇ ಸುರೇಂದ್ರನ್ ಎದುರು 745 ವೋಟಿನಲ್ಲಿ ಗೆದ್ದರು. ಗೆದ್ದು ತಿರುವನಂತಪುರಕ್ಕೆ ಹೋದ ಅಶ್ರಫ್ ಪ್ರಮಾಣವಚನ ತೆಗೆದುಕೊಂಡದ್ದು ಕನ್ನಡದಲ್ಲಿ. ನನಗೆ ಇದು ಭಾರೀ ಖುಷಿ ಕೊಟ್ಟ ಸಂಗತಿ, ಯಾಕೆ ಅಂತ ಹೇಳುತ್ತೇನೆ.

ಮಡಲು ಹೆಣೆದದ್ದು ನೋಡಿದ್ದೀರಲ್ಲ. ತೆಂಗಿನ ಗರಿಗಳನ್ನು ಒಂದರ ಕೆಳಗೆ ಒಂದು, ಅಡ್ಡಕ್ಕೂ ಉದ್ದಕ್ಕೂ ಸೇರಿಸಿ ಹೆಣೆದರೆ ಅದು ಮಾಡಿಗೆ ಹೊದೆಸಿದರೆ ಮಳೆ ತಡೆಯುತ್ತದೆ. ಅದೇ ಗರಿಗಳನ್ನು ಒಂದೇ ದಿಕ್ಕಿಗೆ ಸುಮ್ನೆ ರಾಶಿ ಹಾಕಿದರೆ ಮೊದಲ ಗಾಳಿಗೇ ಹಾರುತ್ತದೆ. ಸಮಾಜದ ಗೆರೆಗಳೂ ಹಾಗೆ. ಭಾಷೆಯಲ್ಲಿ ನಾನು ನಿಮ್ಮ ಕಡೆ, ಕೆಲಸದಲ್ಲಿ ಇನ್ನೊಬ್ಬರ ಕಡೆ, ದೇವರ ವಿಷಯದಲ್ಲಿ ಮೂರನೆಯವರ ಕಡೆ ಅಂತಿದ್ದರೆ ಯಾರನ್ನೂ ಪೂರ್ತಿ ಶತ್ರು ಮಾಡಲು ಆಗುವುದಿಲ್ಲ, ನಾಳೆ ಅವರೇ ಬೇಕಾಗುತ್ತಾರೆ. ಗೆರೆಗಳೆಲ್ಲ ಒಂದರ ಮೇಲೊಂದು ಬಂದು ಕೂತು, ಧರ್ಮ ಹೇಳಿದರೆ ಪಕ್ಷ ಗೊತ್ತಾಗುತ್ತದೆ, ಪಕ್ಷ ಹೇಳಿದರೆ ಯಾವ ಚಾನೆಲ್ ನೋಡುತ್ತಾನೆ ಗೊತ್ತಾಗುತ್ತದೆ, ಯಾವ ಅಂಗಡಿಗೆ ಹೋಗುತ್ತಾನೆ ಅಂತಲೂ ಗೊತ್ತಾಗುತ್ತದೆ ಅನ್ನುವ ಸ್ಥಿತಿ ಬಂದರೆ ಮಾತ್ರ ಊರು ನಿಜವಾಗಿ ಎರಡಾಗುವುದು. ಲೀಗಿನ ಶಾಸಕರೊಬ್ಬರು ಕನ್ನಡದಲ್ಲಿ ಪ್ರಮಾಣ ತೆಗೆದುಕೊಂಡಾಗ ಒಂದು ಗರಿ ಅಡ್ಡಕ್ಕೆ ಹೋಯಿತು. ಖುಷಿ ಅದಕ್ಕೆ.

ಇಲ್ಲಿ ಒಂದು ಮಾತು. ನಮ್ಮ ಜಿಲ್ಲೆಯ ಸೌಹಾರ್ದದ ಬಗ್ಗೆ ಭಾಷಣ ಮಾಡುವವರು ತಪ್ಪದೆ ಆರಿಕ್ಕಾಡಿಯ ಆಲಿ ಭೂತ ಅನ್ನುವ ಮುಸ್ಲಿಂ ಮೂಲದ ದೈವವನ್ನು ಎತ್ತುತ್ತಾರೆ, ಉದ್ಯಾವರ ಮಾಡ ಅನ್ನುವ ದೈವಸ್ಥಾನದಿಂದ ಉತ್ಸವಕ್ಕೆ ಮೊದಲು ಮಸೀದಿಗೆ ಹೋಗಿ ಆಹ್ವಾನ ಕೊಡುವ ಪದ್ಧತಿಯನ್ನು ಎತ್ತುತ್ತಾರೆ. ಎರಡೂ ಇದ್ದದ್ದೇ, ಎರಡೂ ಚಂದವೇ. ಆದರೆ ವರ್ಷಕ್ಕೊಂದು ದಿನದ ಚಂದ ಉಳಿದ 364 ದಿನವನ್ನು ಕಾಯುವುದಿಲ್ಲ. ಅಶುತೋಷ್ ವಾರ್ಷ್ಣೇಯ ಅನ್ನುವ ವಿದ್ವಾಂಸರು ಹಿಂದೂ-ಮುಸ್ಲಿಂ ಗಲಭೆ ಕೆಲವು ನಗರಗಳಲ್ಲಿ ಮಾತ್ರ ಯಾಕೆ ಆಗುತ್ತದೆ ಅಂತ ನೋಡಲು ಅಲಿಗಢವನ್ನೂ ನಮ್ಮ ಕೇರಳದ ಕೋಝಿಕ್ಕೋಡನ್ನೂ ಹೋಲಿಸಿದರು. ಎರಡೂ ಕಡೆ ಮುಸ್ಲಿಮರ ಪಾಲು ಹೆಚ್ಚುಕಡಿಮೆ ಅಷ್ಟೇ. ಅಲಿಗಢದಲ್ಲಿ ಗಲಭೆ, ಕೋಝಿಕ್ಕೋಡಿನಲ್ಲಿ ಇಲ್ಲ. ಅವರಿಗೆ ಕಂಡದ್ದು ಇದು: ಅಕ್ಕಪಕ್ಕ ಇದ್ದು ನಗುವುದು, ಹಬ್ಬಕ್ಕೆ ಪಾಯಸ ಕೊಡುವುದು ಇವೆಲ್ಲ ಒಳ್ಳೆಯದೇ, ಆದರೆ ದೊಡ್ಡ ಏಟು ಬಿದ್ದಾಗ ತಡೆದು ನಿಲ್ಲುವುದು ವ್ಯಾಪಾರಿಗಳ ಸಂಘ, ಕಾರ್ಮಿಕರ ಯೂನಿಯನ್, ವಾಚನಾಲಯ ಇಂಥ ಇಬ್ಬರೂ ಸದಸ್ಯರಾಗಿರುವ ಸಂಘಟನೆಗಳು. ಯಾಕೆಂದರೆ ಅಲ್ಲಿ ಲೆಕ್ಕಪತ್ರ ಇದೆ, ಸಾಲ ಇದೆ, ಒಬ್ಬರ ದುಡ್ಡು ಇನ್ನೊಬ್ಬರಲ್ಲಿ ಸಿಕ್ಕಿಕೊಂಡಿದೆ. ನನ್ನ ಮಟ್ಟಿಗೆ ಆಲಿ ಭೂತಕ್ಕಿಂತ ಹಾಲಿನ ಸೊಸೈಟಿ ದೊಡ್ಡದು. ಭೂತದ ಕ್ಷಮೆ ಕೇಳಿಕೊಂಡೇ ಹೇಳುತ್ತಿದ್ದೇನೆ.

ಈಗ ನಂಬಿಕೆಯ ವಿಷಯಕ್ಕೆ ಬರೋಣ. ಧ್ರುವೀಕರಣ ಜಾಸ್ತಿಯಾದರೆ ಸರ್ಕಾರದ ಮೇಲೆ ಜನರ ನಂಬಿಕೆ ಕಡಿಮೆಯಾಗುತ್ತದೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅಷ್ಟು ಸಲೀಸಲ್ಲ.

ಅಮೆರಿಕದಲ್ಲಿ 1958ರಿಂದ ಒಂದೇ ಪ್ರಶ್ನೆ ಕೇಳುತ್ತಾ ಬಂದಿದ್ದಾರೆ: ವಾಷಿಂಗ್ಟನ್ನಿನ ಸರ್ಕಾರ ಹೆಚ್ಚಿನ ಸಲ ಸರಿಯಾದದ್ದನ್ನೇ ಮಾಡುತ್ತದೆ ಅಂತ ನಂಬುತ್ತೀರಾ? ಆಗ ನಾಲ್ಕರಲ್ಲಿ ಮೂವರು ಹೌದು ಅಂದಿದ್ದರು. ವಿಯೆಟ್ನಾಂ ಯುದ್ಧ, ವಾಟರ್‌ಗೇಟ್ ಹಗರಣ ಎಲ್ಲ ಕಳೆದು ಈಚಿನ ವರ್ಷಗಳಲ್ಲಿ ಐವರಲ್ಲಿ ಒಬ್ಬರ ಆಸುಪಾಸಿಗೆ ಇಳಿದಿದೆ. ಆದರೆ ಆ ಸಂಖ್ಯೆಯ ಒಳಗೆ ಹೋಗಿ ನೋಡಿದರೆ ಬೇರೆ ಆಟ ಕಾಣುತ್ತದೆ. ತಮ್ಮ ಪಕ್ಷದ ಅಧ್ಯಕ್ಷ ಬಂದಾಗ ಆ ಪಕ್ಷದವರ ನಂಬಿಕೆ ಏರುತ್ತದೆ, ಎದುರಿನವರದ್ದು ಇಳಿಯುತ್ತದೆ. ಚುನಾವಣೆ ಮುಗಿದು ಅಧಿಕಾರ ಬದಲಾದರೆ ತಕ್ಕಡಿಯೂ ಉಲ್ಟಾ. ಅದೇ ಆಫೀಸು, ಅದೇ ಗುಮಾಸ್ತರು, ಅದೇ ಕಾನೂನು. ಬದಲಾದದ್ದು ಗೋಡೆಯ ಮೇಲಿನ ಫೋಟೋ ಮಾತ್ರ. ಅಂದರೆ ಜನ ಉತ್ತರ ಕೊಡುತ್ತಿರುವುದು ಸರ್ಕಾರದ ಬಗ್ಗೆ ಅಲ್ಲ, ನಮ್ಮವರು ಗೆದ್ದರಾ ಸೋತರಾ ಅನ್ನುವುದರ ಬಗ್ಗೆ. ನಮ್ಮ ಮಾವ ಮತ್ತು ಮಾಷ್ಟ್ರು ಹೆದ್ದಾರಿಯ ಬಗ್ಗೆ ಮಾಡಿದ್ದು ಇದನ್ನೇ.

ನಂಬಿಕೆ ಜಾಸ್ತಿ ಇದ್ದರೆ ಎಲ್ಲ ಸರಿ ಅಂತಲೂ ಅಲ್ಲ. ಎಡೆಲ್ಮನ್ ಅನ್ನುವ ಸಂಸ್ಥೆ ವರ್ಷವರ್ಷ ಹಲವು ದೇಶಗಳಲ್ಲಿ ನಂಬಿಕೆಯ ಸಮೀಕ್ಷೆ ಮಾಡುತ್ತದೆ, ಅದರಲ್ಲಿ ಚೀನಾವೂ ಭಾರತವೂ ಮೇಲಿನ ಸಾಲಿನಲ್ಲೇ ಇರುತ್ತವೆ. ನಮ್ಮಲ್ಲೇ ಲೋಕನೀತಿ ಅನ್ನುವ ಸಮೀಕ್ಷೆಯವರು ಸಂಸ್ಥೆ ಸಂಸ್ಥೆಯಾಗಿ ಕೇಳಿದಾಗ ಸೈನ್ಯ ಎಲ್ಲಕ್ಕಿಂತ ಮೇಲೆ, ಕೋರ್ಟುಗಳು ಅದರ ಹತ್ತಿರ, ಪೊಲೀಸರೂ ರಾಜಕೀಯ ಪಕ್ಷಗಳೂ ತಳದಲ್ಲಿ. ನಾವು ಯಾವ ಪಕ್ಷಕ್ಕಾಗಿ ಹೊಡೆದಾಡುತ್ತೇವೋ ಅದನ್ನೇ ಅತಿ ಕಡಿಮೆ ನಂಬುತ್ತೇವೆ. ಯೋಚಿಸಿದರೆ ವಿಚಿತ್ರ. ಆದರೆ ಹೊಡೆದಾಟ ಹೆಚ್ಚಿನ ಸಲ ನಮ್ಮ ಪಕ್ಷದ ಮೇಲಿನ ಪ್ರೀತಿಗಲ್ಲ, ಆಚೆಯದರ ಮೇಲಿನ ಸಿಟ್ಟಿಗೆ. ಹಾಗೆ ನೋಡಿದರೆ ವಿಚಿತ್ರ ಇಲ್ಲ.

ಸೋತವನ ಮನಸ್ಸು ಇಲ್ಲಿ ಮುಖ್ಯ. ಪ್ರಜಾಪ್ರಭುತ್ವ ನಡೆಯುವುದು ಗೆದ್ದವನಿಂದಲ್ಲ, ಸೋತವನು ಸರಿ, ಮುಂದಿನ ಸಲ ನೋಡೋಣ ಅಂತ ಮನೆಗೆ ಹೋಗುವುದರಿಂದ. ಈ ವಿಷಯದಲ್ಲಿ ಕೇರಳ ಬಹಳ ಕಾಲ ಪುಣ್ಯ ಮಾಡಿತ್ತು. 1982ರಿಂದ 2016ರವರೆಗೆ ಪ್ರತಿ ಚುನಾವಣೆಯಲ್ಲೂ ಸರ್ಕಾರ ಬದಲು, ಒಮ್ಮೆ ಸಿಪಿಎಂ ಮುಂದಾಳತ್ವದ ಎಡರಂಗ ಒಮ್ಮೆ ಕಾಂಗ್ರೆಸ್ ಮುಂದಾಳತ್ವದ ಐಕ್ಯರಂಗ. 2021ರಲ್ಲಿ ಆ ರೂಢಿ ಮುರಿಯಿತು. ಐದು ವರ್ಷ ಕಾದರೆ ನಮ್ಮ ಸರದಿ ಅಂತ ಗೊತ್ತಿರುವವನು ಸರ್ಕಾರವನ್ನು ಬೈಯುತ್ತಾನೆ, ಆದರೆ ವ್ಯವಸ್ಥೆಯನ್ನು ಬಿಟ್ಟು ಹೋಗುವುದಿಲ್ಲ.

ಸರದಿಯೇ ಬಾರದವರ ಕಥೆ ಏನು? ಗಡಿನಾಡ ಕನ್ನಡಿಗರದ್ದು ಅದು. ಕೇರಳ ವಿಧಾನಸಭೆಯಲ್ಲಿ 140 ಸ್ಥಾನ. ಅದರಲ್ಲಿ ಕನ್ನಡದವರ ವೋಟು ಲೆಕ್ಕಕ್ಕೆ ಬರುವುದು ಮಂಜೇಶ್ವರ, ಕಾಸರಗೋಡು ಎರಡರಲ್ಲಿ. ಎಡ ಬಂದರೂ ಬಲ ಬಂದರೂ ನಾವು ಯಾವಾಗಲೂ 140ರಲ್ಲಿ ಎರಡು. ಇಂಥವರಿಗಾಗಿಯೇ ಸಂವಿಧಾನದಲ್ಲಿ 350ಎ, 350ಬಿ ಅಂತ ಎರಡು ವಿಧಿಗಳಿವೆ. ಒಂದು ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸೌಕರ್ಯ ಮಾಡಬೇಕು ಅನ್ನುತ್ತದೆ, ಇನ್ನೊಂದು ಭಾಷಾ ಅಲ್ಪಸಂಖ್ಯಾತರಿಗೆ ಒಬ್ಬ ವಿಶೇಷ ಅಧಿಕಾರಿ ಬೇಕು ಅನ್ನುತ್ತದೆ. ಇವೆರಡೂ ಸಂವಿಧಾನಕ್ಕೆ ಸೇರಿದ್ದು ಯಾವಾಗ ಗೊತ್ತಾ? ಏಳನೇ ತಿದ್ದುಪಡಿಯಲ್ಲಿ, ಅದು ಜಾರಿಗೆ ಬಂದದ್ದು 1956ರ ನವೆಂಬರ್ 1ರಂದು. ನಮ್ಮನ್ನು ಆಚೆ ಕಳಿಸಿದ ದಿನವೇ ನಮಗೆ ಭರವಸೆಯ ಕಾಗದವನ್ನೂ ಕೊಟ್ಟಿದ್ದರು. ಮಗಳನ್ನು ಕೊಡುವಾಗ ನಾವಿದ್ದೇವೆ ಅಂತ ಹೇಳಿ ಕಳಿಸುತ್ತಾರಲ್ಲ, ಹಾಗೆ.

ಆ ಭರವಸೆಯ ಪರೀಕ್ಷೆ ನಡೆಯುವುದು ದೆಹಲಿಯಲ್ಲಲ್ಲ. ವಿಲೇಜ್ ಆಫೀಸಿನ ಕೌಂಟರಿನಲ್ಲಿ, ರೇಷನ್ ಅಂಗಡಿಯಲ್ಲಿ, ಶಾಲೆಯಲ್ಲಿ. ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡ ಬಾರದ ಮಾಷ್ಟ್ರು ಬಂದು ನಿಂತಾಗ, ಮಕ್ಕಳೂ ತಂದೆತಾಯಿಯೂ ಧರಣಿ ಕೂತದ್ದು ನಮ್ಮ ಜಿಲ್ಲೆಯಲ್ಲಿ ಒಂದೆರಡು ಸಲ ಅಲ್ಲ. ನನ್ನ ಅಮ್ಮ ಒಮ್ಮೆ ತೀರ್ವೆ ರಶೀದಿ ಹಿಡಿದು ಒಂದು ಸರ್ಟಿಫಿಕೇಟಿಗಾಗಿ ಒಂದು ಆಫೀಸಿಗೆ ಹೋಗಿದ್ದರು. ಮನೆಯಲ್ಲಿ ತುಳು, ಓದಿದ್ದು ಕನ್ನಡ, ಫಾರಂ ಮಲಯಾಳದಲ್ಲಿ. ಎಲ್ಲಿ ಸಹಿ ಹಾಕು ಅಂದರೋ ಅಲ್ಲಿ ಹಾಕಿ ಬಂದರು, ಬಂದು ಎರಡು ದಿನ ನಿದ್ದೆ ಮಾಡಲಿಲ್ಲ, "ಜಾಗ ಬರೆದು ಕೊಟ್ಟೆನೋ ಏನೋ" ಅಂತ. ಅದರಲ್ಲಿ ಇದ್ದದ್ದು ಬರೀ ವಿಳಾಸದ ದೃಢೀಕರಣ. ಇನ್ನೊಂದು ಸಲ ಹೋದಾಗ ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದ ಒಬ್ಬ ಹುಡುಗಿ ಕೂತಿದ್ದಳಂತೆ. ಅವಳು ತನ್ನ ಹರಕು ಕನ್ನಡದಲ್ಲಿ ಒಂದೊಂದೇ ಸಾಲು ಓದಿ ಹೇಳಿದಳು. ಕೆಲಸ ಆ ದಿನ ಆಗಲಿಲ್ಲ, ಇನ್ನೊಂದು ಕಾಗದ ಬೇಕಿತ್ತು. ಆದರೂ ಅಮ್ಮ ಖುಷಿಯಲ್ಲೇ ಬಂದರು.

ಇದನ್ನು ನಾನು ಅಮ್ಮನ ಭೋಳೇತನ ಅಂದುಕೊಂಡಿದ್ದೆ. ಆಮೇಲೆ ಟಾಮ್ ಟೈಲರ್ ಅನ್ನುವವರು ಶಿಕಾಗೋದಲ್ಲಿ ಪೊಲೀಸು, ಕೋರ್ಟು ಅಂತ ಅಲೆದಾಡಿದವರನ್ನು ಮಾತಾಡಿಸಿ ಮಾಡಿದ ಕೆಲಸದ ಬಗ್ಗೆ ಓದಿದೆ. ತೀರ್ಪು ತಮ್ಮ ಪರವಾಗಿ ಬಂತಾ ಇಲ್ಲವಾ ಅನ್ನುವುದಕ್ಕಿಂತ, ನನ್ನ ಮಾತು ಕೇಳಿದರಾ, ಮರ್ಯಾದೆ ಕೊಟ್ಟರಾ, ನಿಯಮ ಎಲ್ಲರಿಗೂ ಒಂದೇ ಇತ್ತಾ ಅನ್ನುವುದರ ಮೇಲೆ ಜನ ಆ ಅಧಿಕಾರವನ್ನು ಒಪ್ಪುವುದು ಬಿಡುವುದು ನಿಂತಿರುತ್ತದಂತೆ. ಅಮ್ಮ ಭೋಳೆ ಅಲ್ಲ.

ಆದರೆ ನಂಬದೇ ಇರುವುದೇ ಸರಿಯಾದ ಸಂದರ್ಭಗಳೂ ಇವೆ, ಅದನ್ನು ನಮ್ಮ ಜಿಲ್ಲೆಗೆ ಬೇರೆಯವರು ಬಂದು ಹೇಳಿಕೊಡಬೇಕಾಗಿಲ್ಲ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಕಡೆಯ ಗುಡ್ಡಗಳ ಗೇರುತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಿದರು. ಸಿಂಪಡಿಸಿದ್ದು ರಾಜ್ಯ ಸರ್ಕಾರದ್ದೇ ಆದ ಪ್ಲಾಂಟೇಶನ್ ಕಾರ್ಪೊರೇಶನ್. ಎರಡೂ ರಂಗಗಳು ಬಂದು ಹೋದವು, ಹೆಲಿಕಾಪ್ಟರು ಮಾತ್ರ ನಿಲ್ಲಲಿಲ್ಲ. ಸ್ವರ್ಗ ಅನ್ನುವ ಊರಿನಲ್ಲಿ, ಹೆಸರು ನಿಜಕ್ಕೂ ಸ್ವರ್ಗವೇ, ಡಾಕ್ಟರ್ ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳನ್ನು ನೋಡಿ ಇದೇನೋ ಸರಿಯಿಲ್ಲ ಅಂತ ಬರೆದಿಡತೊಡಗಿದರು. ಪಕ್ಕದಲ್ಲೇ ಇದ್ದ ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಗೆ ತಂದರು. ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದ ಲೀಲಾಕುಮಾರಿ ಅಮ್ಮ ಹೊಸದುರ್ಗದ ಕೋರ್ಟಿಗೆ ಹೋದರು. ನೋಡಿ, ಸರ್ಕಾರದ ಸಿಂಪಡಣೆ ನಿಲ್ಲಿಸಲು ಸರ್ಕಾರದ ನೌಕರರೇ ಕೋರ್ಟಿಗೆ ಹೋಗಬೇಕಾಯಿತು.

ಆಮೇಲೆ ಸಮಿತಿಗಳ ಜಾತ್ರೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅದೇ ಕಡೆಯ ಪಡ್ರೆಯಲ್ಲಿ ಅಧ್ಯಯನ ಮಾಡಿ ಆರೋಗ್ಯದ ಮೇಲೆ ಪರಿಣಾಮ ಇದೆ ಅಂದಿತು. ಕೇಂದ್ರ ನೇಮಿಸಿದ ದುಬೆ ಸಮಿತಿ ಸಿಂಪಡಣೆಗೂ ರೋಗಕ್ಕೂ ಸಂಬಂಧ ಕಾಣುವುದಿಲ್ಲ ಅಂದಿತು. ಇಬ್ಬರೂ ತಜ್ಞರೇ. ಜನ ಯಾರನ್ನು ನಂಬಬೇಕು? ತಮ್ಮ ಮನೆಯೊಳಗೆ ಮಲಗಿದ ಮಗುವನ್ನು ನಂಬಿದರು. 2011ರ ಮೇಯಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಎಂಡೋಸಲ್ಫಾನ್ ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಅಂತ ರಾಜ್ಯಕ್ಕೆ ಹೇಳಿತು. ಐದು ವರ್ಷ ಕಳೆದು 2022ರಲ್ಲಿ ಲೆಕ್ಕ ನೋಡಿದರೆ 3,704 ಜನರಲ್ಲಿ ದುಡ್ಡು ಸಿಕ್ಕಿದ್ದು ಎಂಟು ಜನರಿಗೆ. ಆ ಎಂಟು ಜನ ಮತ್ತೆ ಕೋರ್ಟಿಗೆ ಹೋದವರು. ಕೋರ್ಟು ಗದರಿದ ಮೇಲೆ ಹಂಚಿಕೆ ಚುರುಕಾಯಿತು.

ಇದರಲ್ಲಿ ಎರಡು ತರದ ಅಪನಂಬಿಕೆ ಕಾಣುತ್ತದೆ. ಒಂದು, ದಾಖಲೆ ಇಟ್ಟುಕೊಂಡು, ರೋಗಿಗಳ ಪಟ್ಟಿ ಮಾಡಿಕೊಂಡು, ಕೋರ್ಟಿಗೆ ಹೋಗುವ ಅಪನಂಬಿಕೆ. ಅದು ಸರ್ಕಾರವನ್ನು ಸರಿ ಮಾಡುತ್ತದೆ, ಕೋರ್ಟು ಕೇಳಬಹುದು ಅನ್ನುವ ಒಂದು ನಂಬಿಕೆ ಅದರ ಬುಡದಲ್ಲೇ ಇದೆ. ಇನ್ನೊಂದು, ಎಲ್ಲ ಕಳ್ಳರು ಮಾರಾಯಾ ಅಂತ ಎಲೆ ಅಡಿಕೆ ಹಾಕಿಕೊಂಡು ಕೂರುವುದು. ಇದಕ್ಕೆ ದಾಖಲೆ ಬೇಡ, ಖರ್ಚೂ ಇಲ್ಲ, ಯಾವ ಕಳ್ಳನಿಗೂ ಇದರಿಂದ ತೊಂದರೆಯೂ ಇಲ್ಲ. ಧ್ರುವೀಕರಣ ಬಲಿತಾಗ ಮೊದಲನೆಯದು ಸಾಯುತ್ತದೆ, ಯಾಕೆಂದರೆ ದೂರು ಕೊಟ್ಟವನ ಕೈಯಲ್ಲಿ ಏನು ದಾಖಲೆ ಇದೆ ಅಂತ ಯಾರೂ ಕೇಳುವುದಿಲ್ಲ, ಅವನು ಯಾವ ಪಾರ್ಟಿ ಅಂತ ಕೇಳುತ್ತಾರೆ.

2016ರ 89 ವೋಟಿನ ಕಥೆಯೂ ಹೀಗೇ. ಸೋತ ಸುರೇಂದ್ರನ್ ಹೈಕೋರ್ಟಿಗೆ ಹೋದರು: ಸತ್ತವರ ಹೆಸರಿನಲ್ಲಿ, ಗಲ್ಫಿನಲ್ಲಿರುವವರ ಹೆಸರಿನಲ್ಲಿ ವೋಟು ಬಿದ್ದಿದೆ ಅಂತ. ಕೋರ್ಟಿನಿಂದ ಸಮನ್ಸ್ ಹೋದಾಗ ಸತ್ತಿದ್ದಾರೆ ಅಂತ ಪಟ್ಟಿಯಲ್ಲಿದ್ದವರೇ ಬಾಗಿಲಿಗೆ ಬಂದು ಕಾಗದ ತೆಗೆದುಕೊಂಡದ್ದು ಪೇಪರಿನಲ್ಲಿ ಬಂತು. ನಮ್ಮ ಹೋಟೆಲಿನಲ್ಲಿ ಒಂದು ವಾರ ಬೇರೆ ಮಾತಿಲ್ಲ. ರಜಾಕ್ 2018ರಲ್ಲಿ ತೀರಿಕೊಂಡರು, ಮರುವರ್ಷ ಅರ್ಜಿ ವಾಪಸು ಹೋಯಿತು. ಹಾಗಾಗಿ ಆ 89ರ ಬಗ್ಗೆ ಕೊನೆಯ ತೀರ್ಪು ಅಂತ ಬರಲೇ ಇಲ್ಲ. ಇವತ್ತಿಗೂ ಊರಿನಲ್ಲಿ ಅದಕ್ಕೆ ಎರಡು ಉತ್ತರ, ನೀವು ಯಾರ ಪಕ್ಕ ಕೂತಿದ್ದೀರಿ ಅನ್ನುವುದರ ಮೇಲೆ. ಅಂತರ ದೊಡ್ಡದಿದ್ದರೆ ಸಣ್ಣ ಅನುಮಾನ ಕರಗುತ್ತದೆ. ಊರು ಸರಿಯಾಗಿ ಅರ್ಧಕ್ಕೆ ಹೋಳಾದಾಗ ಒಂದೊಂದು ವೋಟೂ ಅನುಮಾನದ ಬೀಜ.

ನಮ್ಮವರು ಅನ್ನುವ ಪದ ಎಷ್ಟು ಗಟ್ಟಿ ಅಂತ ನಮಗೆ ಗೊತ್ತಾದದ್ದು 2020ರ ಮಾರ್ಚಿನಲ್ಲಿ. ಕೊರೊನಾ ಬಂತು, ಕಾಸರಗೋಡಿನಲ್ಲಿ ಪ್ರಕರಣ ಏರಿತು, ಕರ್ನಾಟಕ ತಲಪಾಡಿಯಲ್ಲಿ ರಸ್ತೆ ಮುಚ್ಚಿತು, ಒಳದಾರಿಗಳಿಗೆ ಮಣ್ಣು ತಂದು ಸುರಿಯಿತು. ನಮ್ಮ ಕಡೆ ಎದೆನೋವು ಬಂದರೂ ಡಯಾಲಿಸಿಸ್ ಆದರೂ ಮಂಗಳೂರೇ ಗತಿ. ಆಂಬುಲೆನ್ಸುಗಳು ಗಡಿಯಿಂದ ವಾಪಸಾದವು, ಹಲವರು ಚಿಕಿತ್ಸೆ ಸಿಗದೆ ತೀರಿಕೊಂಡರು. ಕೇರಳ ಹೈಕೋರ್ಟು ಏಪ್ರಿಲ್ 1ರಂದು ದಾರಿ ತೆರೆಸಿ ಅಂತ ಕೇಂದ್ರಕ್ಕೆ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಕೊನೆಗೆ ಕೊರೊನಾ ಇಲ್ಲದ ರೋಗಿಗಳನ್ನು ಷರತ್ತಿನ ಮೇಲೆ ಬಿಡುವುದು ಅಂತಾಯಿತು. 60 ವರ್ಷ ಯಾವ ರಾಜ್ಯ ನಮ್ಮದು ಅಂತ ಘೋಷಣೆ ಕೂಗಿದ್ದೆವೋ ಆ ರಾಜ್ಯ ಮಣ್ಣು ಹಾಕಿತು. ಇತ್ತ, 2013ರಲ್ಲಿ ಶಿಲಾನ್ಯಾಸವಾಗಿ ಎಳೆಯುತ್ತಾ ಬಂದಿದ್ದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಒಂದು ಕಟ್ಟಡವನ್ನು ಕೇರಳ ಆ ಏಪ್ರಿಲಿನಲ್ಲೇ ತರಾತುರಿಯಲ್ಲಿ ಕೋವಿಡ್ ಆಸ್ಪತ್ರೆ ಮಾಡಿತು. ಗಡಿಯಲ್ಲಿ ಮಣ್ಣು ಬೀಳದೆ ಇದ್ದಿದ್ದರೆ ಅದೂ ಆಗುತ್ತಿತ್ತಾ ಅಂತ ಮಾಷ್ಟ್ರೇ ಕೇಳುತ್ತಾರೆ, ತಮ್ಮ ಪಾರ್ಟಿಯವರು ಹತ್ತಿರ ಇಲ್ಲದಾಗ.

ಹಾಗಂತ ನಮ್ಮ ಬೇಡಿಕೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ರಾಜ್ಯಗಳ ಗಡಿ ತಕರಾರು ನೋಡಲು ಕೇಂದ್ರ ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಸ್ಪಷ್ಟವಾಗಿ ಬರೆದಿದೆ, ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಕೊನೆಯವರೆಗೂ ಅದನ್ನೇ ಹೇಳಿದರು. ಆದರೆ ವರದಿ ಅಕ್ಷರಕ್ಷರ ಜಾರಿಯಾಗಲಿ ಅಂತ ಭಾಷಣ ಮಾಡುವವರಲ್ಲಿ ಎಷ್ಟು ಜನ ಅದರ ಉಳಿದ ಪುಟ ತಿರುವಿದ್ದಾರೆ? ಅಕ್ಕಲಕೋಟೆ ಕರ್ನಾಟಕಕ್ಕೆ ಬರಲಿ ಅಂತಲೂ ಅದರಲ್ಲಿದೆ, ನಿಪ್ಪಾಣಿ ಮಹಾರಾಷ್ಟ್ರಕ್ಕೆ ಹೋಗಲಿ ಅಂತಲೂ ಅದರಲ್ಲೇ ಇದೆ. ನಮಗೆ ಬೇಕಾದ ಸಾಲಿಗೆ ಗೆರೆ ಎಳೆದು ಉಳಿದದ್ದನ್ನು ಮಡಚಿಡುವ ಅಭ್ಯಾಸ ಎದುರು ಪಾರ್ಟಿಯವರಿಗೆ ಮಾತ್ರ ಇರುವುದಲ್ಲ.

ಹೋಟೆಲಿಗೆ ವಾಪಸು ಬರುತ್ತೇನೆ. ಈಚೆಗೆ ನಮ್ಮ ಒಳರಸ್ತೆಯ ಮೋರಿ ಕುಸಿದು ಶಾಲೆಯ ವ್ಯಾನು ಬರುವುದು ನಿಂತಿತು. ಮಾವ, ಮಾಷ್ಟ್ರು, ಇಚ್ಚ ಮೂವರೂ ಸೇರಿ ಅರ್ಜಿ ಹಾಕುವುದು ಅಂತಾಯಿತು. ಮಾಷ್ಟ್ರು ಕನ್ನಡದಲ್ಲಿ ಬರೆದರು, ಇಚ್ಚನ ಮಗಳು ಅದನ್ನು ಮಲಯಾಳದಲ್ಲಿ ಬರೆದಳು, ಎರಡನ್ನೂ ಸೇರಿಸಿ ಪಿನ್ನು ಹೊಡೆದರು. ಮೊದಲು ಯಾರ ಸಹಿ ಅನ್ನುವುದಕ್ಕೆ ಒಂದು ಸುತ್ತು ಗಲಾಟೆಯಾಗಿ, ಕೊನೆಗೆ ವ್ಯಾನಿನ ಡ್ರೈವರನ ಸಹಿ ಮೊದಲು ಹಾಕಿಸಿದರು. 43 ಸಹಿ ಆಯಿತು. ಅರ್ಜಿಗೆ ನಂಬರು ಸಿಕ್ಕಿದೆ, ಒಬ್ಬರು ಬಂದು ಟೇಪು ಹಿಡಿದು ಅಳತೆಯನ್ನೂ ಮಾಡಿಕೊಂಡು ಹೋಗಿದ್ದಾರೆ.

ಮೋರಿ ಇನ್ನೂ ಆಗಿಲ್ಲ. ಆದರೆ ಆದ ಮೇಲೆ ಹಾಕುವ ಫ್ಲೆಕ್ಸಿನಲ್ಲಿ ಯಾರ ಫೋಟೋ ಇರಬೇಕು ಅನ್ನುವ ಚರ್ಚೆ ಮೊನ್ನೆ ಬೆಳಿಗ್ಗೆಯೇ ಶುರುವಾಗಿದೆ. ಇಚ್ಚ ಮೂರನೇ ಸಲ ಚಾ ಬೇಕಾ ಅಂತ ಕೇಳಿದರೂ ಇಬ್ಬರಿಗೂ ಕೇಳಿಸಲಿಲ್ಲ.